ಮುಸುಕಿನ ರಾಣಿ, ತುರುಬಿನ ರಾಣಿ

ಮಳವಳ್ಳಿಯ ನಮ್ಮ ಮನೆ ಹಿತ್ತಲ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದೆ. ಆ ವರ್ಷ ನಮ್ಮ ಮರ ಕೊಂಬೆ ಬಾಗುವಷ್ಟು ಬಿಟ್ಟಿತ್ತು. ದೇವರು ಕೊಟ್ಟದ್ದನ್ನು ಸಾಕು ಅನ್ನುವುದಕ್ಕಾಗುತ್ತದೆಯೇ? ಒಣಗಿಸಿ, ಓಡು ಕುಟ್ಟಿ, ನಾರು ಎಳೆದು, ಬೀಜ ಬಿಡಿಸುವ ಹೊತ್ತಿಗೆ ಮೊಣಕೈವರೆಗೂ ಅಂಟು. ನೆಂಟರು ಬರುವುದು ಅಂಥ ಹೊತ್ತಲ್ಲೇ. ನಮ್ಮಣ್ಣ ಪುಟ್ಟಸ್ವಾಮಿ ಬೆಳಗಿನ ಬಸ್ಸಿಗೆ ಮದ್ದೂರಿನಿಂದ ಬಂದವನು, ಕಾಲಿಗೆ ನೀರು ಹಾಕಿಕೊಳ್ಳದೆ ಸೀದಾ ಹಿತ್ತಲಿಗೆ ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತ.

"ಸರ ಬ್ಯಾಡ ಅಂದ್ಬುಟ್ರು ಕಣವ್ವ," ಅಂದ.

"ಯಾವ ಸರ?"

"ಇನ್ಯಾವ್ದು, ನಮ್ ಜಯಂದು. ಕಾಸಿನ ಸರ. ಗಂಡಿನ ಅಜ್ಜಿ ಬಂದು ನೋಡಿ, ಒಂದು ಕಾಸು ಸರಿಯಾಗಿಲ್ಲ, ತಗ್ಸಿ ಬೇರೆ ಆಕ್ಸಿ ಅಂದವ್ಳೆ. ಇಲ್ದಿದ್ರೆ ಮದ್ವೆ ಮಾತು ಆಮೇಲೆ ಅಂತ."

ಸೊಂಟದ ಗಂಟು ಬಿಚ್ಚಿ ಕಾಸು ತೆಗೆದ. ನನ್ನ ಕೈ ಅಂಟಾಗಿತ್ತಲ್ಲ, ಅವನೇ ನನ್ನ ಕಣ್ಣಿನ ಮುಂದೆ ಹಿಡಿದ. ನೋಡಿದ ಕೂಡಲೇ ಯಾರದ್ದು ಅಂತ ಗೊತ್ತಾಯಿತು. ನಮ್ಮ ಸಣ್ಣಕ್ಕನದು.

ಸಣ್ಣಕ್ಕ ನನಗಿಂತ ದೊಡ್ಡವಳು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು ಮದ್ದೂರಿನ ಪಕ್ಕದ ವೈದ್ಯನಾಥಪುರಕ್ಕೆ, ಅಣ್ಣನ ಮನೆಗೆ ವಾಪಸು ಬಂದಳು. ನಮ್ಮತ್ತಿಗೆ ಜಯಳನ್ನು ಹೆತ್ತ ಮೇಲೆ ಉಳಿಯಲಿಲ್ಲ. ಎತ್ತಿ ಆಡಿಸಿ ಸಾಕಿದವಳು ಸಣ್ಣಕ್ಕನೇ. ತನ್ನ ಹತ್ತಿರ ಉಳಿದಿದ್ದ ಒಂದೇ ಒಂದು ಚಿನ್ನದ ಕಾಸನ್ನು ಜಯಳ ಸರಕ್ಕೆ ಕೊಟ್ಟಿದ್ದಳು.

"ಸಣ್ಣಕ್ಕ ಏನಂದ್ಲು?" ಅಂದೆ.

"ಅವಳೇನಂದಾಳು. ಅವಳೇ ದಾರ ಬಿಚ್ಚಿ ಕೈಗೆ ಕೊಟ್ಳು. ನಾನ್ ಕೊಡ್ಬಾರ್ದಾಗಿತ್ತು ಅಂದ್ಬುಟ್ಟು ಒಲೆ ಮುಂದ್ಕೆ ಓದ್ಳು. ಆ ಮಗ ಬೇರೆ, ಸಣ್ಣತ್ತೆ ಕಾಸಿಲ್ದಿದ್ರೆ ನಂಗೆ ಸರವೇ ಬ್ಯಾಡ ಅಂತ ಮೂತಿ ಊದಿಸ್ಕೊಂಡು ಕೂತದೆ. ನೀನು ಬೇರೆ ಕಾಸು ಒಂದು ಆರಿಸ್ಕೊಡು. ಮುದ್ಕಿ ನಾಳೆ ಮತ್ತೆ ಬತ್ತಾಳೆ."

ನಾನು ಯಾಕೆ ಆರಿಸಿಕೊಡಬೇಕು ಅಂತ ನೀವು ಕೇಳಬಹುದು. ಆ ಕಾಲದಲ್ಲಿ ಮಳವಳ್ಳಿ, ಮದ್ದೂರಿನ ಸುತ್ತ ಯಾರ ಮನೆಯಲ್ಲಿ ಮೊದಲ ಚಿನ್ನದ ಕಾಸು ಕೊಂಡರೂ ನನ್ನನ್ನು ಕರೆಯುತ್ತಿದ್ದರು. ಅದೇ ನನ್ನ ಉದ್ಯೋಗ. ಸಂಬಳ ಅಂದರೆ ಎಲೆ, ಅಡಿಕೆ, ಬಾಳೆಹಣ್ಣು, ಮನೆಯವರು ಉಳ್ಳವರಾದರೆ ಒಂದು ಕುಪ್ಪಸದ ಕಣ. ಈಗ ಕಣ್ಣಿಗೆ ಪೊರೆ ಬಂದು ನಿವೃತ್ತಿಯಾಗಿದ್ದೇನೆ. ನನ್ನ ಸೊಸೆ ಆ ಜಾಗಕ್ಕೆ ಬಂದಿದ್ದಾಳೆ. "ಅತ್ತೆ, ನಿಮಗೆ ಗೊತ್ತಿರೋದನ್ನ ಬರೆದಿಡಿ, ಹೊಸದಾಗಿ ಕಾಸು ಕೂಡಿಡೋರು ನನ್ನ ತಲೆ ತಿಂತಾರೆ," ಅಂದಳು. ಅದಕ್ಕೆ ಬರೆಯುತ್ತಿದ್ದೇನೆ. ಅಣ್ಣ ಸ್ವಲ್ಪ ಹೊತ್ತು ಆ ಜಗಲಿ ಮೇಲೇ ಕೂತಿರಲಿ, ಮಜ್ಜಿಗೆ ಕೊಟ್ಟಿದ್ದೇನೆ.

ನನಗೆ ಮೇಲಧಿಕಾರಿ ಅಂತ ಇದ್ದವರು ನಮ್ಮತ್ತೆ ದೇವೀರಮ್ಮ. ಪೂರಿಗಾಲಿಯ ಹೆಣ್ಣುಮಗಳು. ಓದು ಬಾರದು. ಆದರೆ ಕಾಸು ಕೈಗೆ ಬಂದರೆ ಅದರ ಹುಟ್ಟು ಗುಣ ಹೇಳುವವರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಚಿನಿವಾರದ ಅಂಗಡಿಗೆ ಕರೆದುಕೊಂಡು ಹೋಗಿ, "ಬಾಯಿ ಮುಚ್ಕೊಂಡು ಕಣ್ಣು ಬುಟ್ಕೊಂಡು ಕೂತ್ಕೊ," ಅಂದರು. ನನ್ನ ತರಬೇತಿ ಅಷ್ಟೇ. ಅಂಗಡಿಯವನು ತಕ್ಕಡಿ ಎತ್ತಿದರೆ ಅತ್ತೆ ಆ ತಕ್ಕಡಿ ನೋಡುತ್ತಿರಲಿಲ್ಲ, ಅವನ ಕಿರುಬೆರಳು ನೋಡುತ್ತಿದ್ದರು. ಅವನು ಬೆವರುತ್ತಿದ್ದ.

ಹೊಸಬರು ಮಾಡುವ ಮೊದಲ ತಪ್ಪು ಹೊಳಪಿಗೆ ಮರುಳಾಗುವುದು. ಫಳಫಳ ಅನ್ನುವ ಕಾಸನ್ನೇ ಎತ್ತಿಕೊಳ್ಳುತ್ತಾರೆ. ಹಳೇ ಕಾಸು ತಣ್ಣಗೆ, ಹಣ್ಣಾದ ನಿಂಬೆಯ ಬಣ್ಣದಲ್ಲಿ ಇರಬೇಕು. ಆಮೇಲೆ ಅಂಚು ತಡವಿ. ಸುತ್ತ ಹಲ್ಲುಹಲ್ಲಾಗಿ ಗೀರು ಇರುತ್ತದೆ. ಎಲ್ಲಾದರೂ ಬೆರಳು ಜಾರಿದರೆ ಅಲ್ಲಿ ಯಾರೋ ಅರ ಹಾಕಿ ಚಿನ್ನ ತಿಂದಿದ್ದಾರೆ ಅಂತ ತಿಳಿಯಿರಿ. ಬೆರಳ ತುದಿಯಲ್ಲಿ ಕೂರಿಸಿ ಇನ್ನೊಂದು ಕಾಸಿನಿಂದ ಮೆಲ್ಲಗೆ ತಟ್ಟಿದರೆ ದೇವರ ಮನೆ ಗಂಟೆಯ ಹಾಗೆ ಎಳೆಯಬೇಕು. ಟಪ್ ಅಂತ ನಿಂತರೆ ಯಾವಾಗಲೋ ಕೊಂಡಿ ಬೆಸೆದು ಕಿತ್ತದ್ದು, ಇಲ್ಲ ಒಳಗೆ ಬೇರೇನೋ ಇದೆ. ಆಗೆಲ್ಲ ಆಚಾರಿಗಳು ಕಾಸಿನ ತಲೆಗೇ ಕೊಂಡಿ ಬೆಸೆಯುತ್ತಿದ್ದರು. ಕಾಸಿಗೆ ಬೆಂಕಿ ತಾಗದ ಹಾಗೆ ಸುತ್ತ ತೆಳ್ಳನೆಯ ಬಳೆ ಹಾಕಿ, ಆ ಬಳೆಗೆ ಕೊಂಡಿ ಇಡಿ ಅಂತ ನಾನು ಹೇಳಿ ಹೇಳಿ ನಮ್ಮೂರ ಆಚಾರಿಯನ್ನು ಒಪ್ಪಿಸಿದೆ. "ನಿಂಗೆ ಚಿನ್ನದ ಮೇಲೆ ಕನಿಕರ ಜಾಸ್ತಿಯಾಯ್ತು ತಾಯಿ," ಅಂತ ಗೊಣಗಿದ. ಆದರೂ ಮಾಡಿದ, ಅವನ ಹೊಟ್ಟೆ ತಣ್ಣಗಿರಲಿ.

ಇನ್ನೊಂದು ಮಾತು. ಮೊದಲ ಸಲಕ್ಕೆ ಹಳೇ ಕಾಲದ, ಚಿನ್ನದ ಹಣ ಅನ್ನುವ ಪುಟ್ಟ ನಾಣ್ಯ ಕೊಳ್ಳಬೇಡಿ. ನೋಡಲು ಮುದ್ದಾಗಿರುತ್ತದೆ, ಆದರೆ ಅವರೆಬೇಳೆಗಿಂತ ಚಿಕ್ಕದು, ಎಲೆಯ ಹಾಗೆ ತೆಳು. ನಮ್ಮ ಪಕ್ಕದ ಮನೆಯ ಗೌರಮ್ಮ ಒಂದು ಸಲ ಅಂಥದೊಂದು ತಂದು "ನೋಡಕ್ಕ, ಇಟ್ಕೊಳ್ಳಲಾ ಬ್ಯಾಡ್ವಾ," ಅಂತ ನನ್ನ ಅಂಗೈಗೆ ಹಾಕಿದಳು. ನಾನು ಆಗ ರಾಗಿಹಿಟ್ಟು ಜರಡಿ ಹಿಡಿದು ಕೂತಿದ್ದೆ. ಮೂಗಿಗೆ ಹಿಟ್ಟು ಹೋಗಿ ಒಂದು ಸೀನು ಬಂತು. ಅಂಗೈ ನೋಡುತ್ತೇನೆ, ಖಾಲಿ.

ನೆಲ ಗುಡಿಸಿದೆವು, ಹಿಟ್ಟು ಜರಡಿ ಹಿಡಿದೆವು, ಸೀರೆ ಒದರಿದೆವು. ಅಷ್ಟರಲ್ಲಿ ಅತ್ತೆ ಮೊರದಲ್ಲಿದ್ದ ಹಿಟ್ಟನ್ನು ಎಸರಿಗೆ ಸುರಿದು ಮುದ್ದೆ ತಿರುವಿ ಆಗಿತ್ತು. ಉಳಿದದ್ದು ಒಂದೇ ದಾರಿ: ಮುದ್ದೆಯನ್ನು ಅಗಿದು ತಿನ್ನುವುದು. ಬೇರೆ ಸೀಮೆಯವರಿಗೆ ಇದು ಏನೂ ಅನ್ನಿಸದಿರಬಹುದು. ನಮ್ಮ ಕಡೆ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುತ್ತಾರೆ. ಅಗಿಯುವುದು ಹಲ್ಲು ಬಂದ ಕೂಸುಗಳು, ಅದೂ ಗೊತ್ತಿಲ್ಲದೆ. ಗೌರಮ್ಮ ತನ್ನ ಹಣಕ್ಕಾಗಿ ಬಾಗಿಲಲ್ಲಿ ಕೂತು ಎಲ್ಲರ ದವಡೆಯನ್ನೂ ಕಾಯುತ್ತಿದ್ದಳು. ನಮ್ಮ ಮಾವನಿಗೆ ಕೋಪ ನೆತ್ತಿಗೇರಿತು.

"ಮುದ್ದೆ ಅಗಿಯೋಕೆ ನಾನೇನು ಎಮ್ಮೆಯಾ? ನಮ್ಮಪ್ಪ ಅಗಿದಿಲ್ಲ, ನಮ್ ತಾತ ಅಗಿದಿಲ್ಲ," ಅಂತ ಒಂದೊಂದೇ ತುತ್ತು ಗೌರಮ್ಮನ ಮುಖ ನೋಡಿಕೊಂಡೇ ನುಂಗಿದರು. ಪ್ರತಿ ತುತ್ತಿಗೂ ಗೌರಮ್ಮ "ಅಯ್ಯೋ ಸಿವನೇ" ಅನ್ನುತ್ತಿದ್ದಳು. ಕೊನೆಗೆ ಪಾತ್ರೆ ತೊಳೆಯುವಾಗ ಮುದ್ದೆ ಕೋಲಿನ ಸೀಳಿನಲ್ಲಿ ಹಣ ಕಚ್ಚಿಕೊಂಡಿತ್ತು. ದೇವರು ಆ ಕೋಲನ್ನು ಅದಕ್ಕೇ ಸೀಳಿಸಿದ್ದನೋ ಏನೋ. ಅದಕ್ಕೆ ಹೇಳುವುದು, ಹೊಸಬರು ಬೆರಳಿಗೆ ಹಿಡಿಯಲು ಸಿಗುವಂಥದನ್ನೇ ಕೊಳ್ಳಬೇಕು. ಸವರನ್ನು, ಅಂದರೆ ಇಂಗ್ಲೆಂಡಿನ ರಾಜ ರಾಣಿಯರ ಮುಖದ ಚಿನ್ನದ ಪೌಂಡು, ವಾಸಿ.

ಸವರನ್ನಿನಲ್ಲಿ ಮುಖಗಳುಂಟು. ನಾವು ಅವಕ್ಕೆ ನಮ್ಮದೇ ಹೆಸರು ಇಟ್ಟುಕೊಂಡಿದ್ದೆವು. ಗಡ್ಡ ಇದ್ದು ತಲೆ ಬೋಳಾದವನು ಬೋಡ ರಾಜ. ಗಡ್ಡವೂ ಕೂದಲೂ ಇದ್ದವನು ಗಡ್ಡದ ರಾಜ. ರಾಣಿಯರು ಇಬ್ಬರು ಅಂತ ನಾವು ತಿಳಿದಿದ್ದೆವು. ಇಬ್ಬರೂ ಒಬ್ಬಳೇ, ವಯಸ್ಸು ಬೇರೆ ಅಂತ ಆಮೇಲೆ ಗೊತ್ತಾಯಿತು. ಕೂದಲು ಎತ್ತಿ ಕಟ್ಟಿದ ಎಳೆಯವಳು ತುರುಬಿನ ರಾಣಿ. ತಲೆ ಮೇಲಿಂದ ಹೆಗಲಿಗೆ ಬಟ್ಟೆ ಇಳಿಬಿಟ್ಟ ವಯಸ್ಸಾದವಳು ಮುಸುಕಿನ ರಾಣಿ. ಹಿಂದುಗಡೆ ಕುದುರೆ ಸವಾರ. ಹಾವಿನಂಥದ್ದನ್ನು ತುಳಿಸುತ್ತಿರುತ್ತಾನೆ, ಮೈಮೇಲೆ ಬಟ್ಟೆ ಅಷ್ಟಕ್ಕಷ್ಟೇ. ಅವನಿಂದಾಗಿ ನಮ್ಮೂರ ಮುದುಕರೊಬ್ಬರು ಸವರನ್ನನ್ನು ದೇವರ ಮನೆಗೆ ಬಿಟ್ಟುಕೊಳ್ಳುತ್ತಲೇ ಇರಲಿಲ್ಲ.

ಮುಂದೆ, ಸ್ವಾತಂತ್ರ್ಯ ಬಂದ ವರ್ಷ, ಈ ಮುಖಗಳಿಂದ ಇನ್ನೊಂದು ಪಜೀತಿಯಾಯಿತು. ರಾಜರು ಹೋದ ಮೇಲೆ ರಾಜರ ಮುಖದ ಕಾಸು ನಡೆಯುತ್ತದೆಯೇ ಅಂತ ಹೆಂಗಸರು ಸೆರಗಿನ ಗಂಟು ಹಿಡಿದುಕೊಂಡು ನಮ್ಮ ಜಗಲಿ ತುಂಬ ಕೂತರು. "ಮುಖ ಹೋಗ್ಲಿ ಬುಡ್ರವ್ವಾ, ಬೆಲೆ ಇರೋದು ಮೈಗೆ," ಅಂತ ಹೇಳಿ ಕಳಿಸಿದೆ. ಅಷ್ಟು ಹೇಳುವ ಬುದ್ಧಿಯನ್ನು ದೇವರು ಆ ಹೊತ್ತಿಗೆ ಕೊಟ್ಟನಲ್ಲ, ಅದೂ ಅವನ ದಯೆಯೇ. ಹೆದರಿ ಮಾರಿದವರು ಆಮೇಲೆ ಕೈ ಹಿಸುಕಿಕೊಂಡರು.

ಇಷ್ಟು ಮುಖಗಳಲ್ಲಿ ಮದುವೆ ಸರಕ್ಕೆ ಆಗದ ಮುಖ ಒಂದೇ, ಮುಸುಕಿನ ರಾಣಿ. ಗಂಡ ಹೋದ ಮೇಲೆ ಆಕೆ ಆ ಬಟ್ಟೆ ಹೊದ್ದಳು ಅಂತ ಯಾವ ಕಾಲದಲ್ಲೋ ಯಾರೋ ಮೇಷ್ಟ್ರು ಹೇಳಿದ್ದರಂತೆ. ಅಲ್ಲಿಂದ ಮುಂದೆ ನಮ್ಮ ಸುತ್ತಿನ ಹೆಂಗಸರೆಲ್ಲ ಆ ಕಾಸನ್ನು ಪೆಟ್ಟಿಗೆಯಲ್ಲಿ ಇಡುತ್ತಿದ್ದರೇ ಹೊರತು ಮದುಮಗಳ ಕುತ್ತಿಗೆಗೆ ಹಾಕುತ್ತಿರಲಿಲ್ಲ. ನಮ್ಮತ್ತೆಯೂ ನನಗೆ ಹಾಗೇ ಹೇಳಿಕೊಟ್ಟಿದ್ದರು. ನಾನೂ ಹತ್ತು ಮನೆಯಲ್ಲಿ ಹಾಗೇ ಹೇಳಿದ್ದೆ. ಅಣ್ಣ ನನ್ನನ್ನು ಕೇಳದೆಯೇ ಸರ ಕಟ್ಟಿಸಿದ್ದ. ಸಣ್ಣಕ್ಕನಿಗೆ ಮುಸುಕು ತುರುಬು ಒಂದೂ ಗೊತ್ತಿರಲಿಲ್ಲ. ಕಾಸು ಅಂದರೆ ಕಾಸು. ಮಗುವಿಗೆ ಅಂತ ಕೊಟ್ಟಳು.

ಈಗ ಅಣ್ಣನ ಹತ್ತಿರ ಬರುತ್ತೇನೆ. ಕೈ ತೊಳೆದುಕೊಂಡು ಆ ಕಾಸು ಈಸಿಕೊಂಡೆ. ಇಡೀ ಸರದಲ್ಲಿ ಅಷ್ಟು ಚಂದದ ಕಾಸು ಇನ್ನೊಂದಿರಲಿಲ್ಲ ಅಂತ ಎದೆ ಮುಟ್ಟಿ ಹೇಳುತ್ತೇನೆ. ಮುಸುಕಿನ ಒಂದೊಂದು ನೆರಿಗೆಯೂ ನಿಂತಿತ್ತು. ಅಂಚು ಬೆರಳಿಗೆ ಕಚ್ಚುತ್ತಿತ್ತು. ಸಣ್ಣಕ್ಕ ಅದನ್ನು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದಿರಬೇಕು, ಹಾಕಿಕೊಳ್ಳುವ ಭಾಗ್ಯ ಅವಳಿಗೆಲ್ಲಿತ್ತು.

ನನ್ನ ಕೆಲಸವೇನೋ ಸುಲಭ. ಈ ಮುಖ ತೆಗೆದು ಆ ಮುಖ ಕೊಡುವುದು. ಆದರೆ ಗಂಡ ಇಲ್ಲದ ಸಣ್ಣಕ್ಕ ಮದುವೆ ಚಪ್ಪರಕ್ಕೆ ಬರುವುದಿಲ್ಲ, ಅಡಿಗೆ ಮನೆಯಲ್ಲೇ ಇರುತ್ತಾಳೆ ಅಂತ ಎಲ್ಲರಿಗೂ ಗೊತ್ತಿತ್ತು. ಅವಳ ಬದಲು ಆ ಕಾಸಾದರೂ ಚಪ್ಪರದಲ್ಲಿ ಇರಲಿ ಅಂತ ನನ್ನ ಮನಸ್ಸಿಗಿತ್ತು. ಯುದ್ಧದ ಕಾಲ ಬೇರೆ. ಅಂಗಡಿಯಲ್ಲಿ ತುರುಬಿನ ರಾಣಿ ಕೇಳಿದರೆ ಅಂಗಡಿಯವನು ನನ್ನನ್ನೇ ರಾಣಿ ಅನ್ನುವ ಹಾಗೆ ನೋಡಿ ಬೆಲೆ ಹೇಳುತ್ತಿದ್ದ. ಆಗ ನೆನಪಾಯಿತು, ಅತ್ತೆಯ ಕಾಸು.

ಅತ್ತೆಯ ಕುತ್ತಿಗೆಯ ಸರದ ನಡುವೆ ಒಂದು ಕಾಸಿತ್ತು. ಮುಖವೇ ಇರಲಿಲ್ಲ. ಪ್ರತಿ ಶುಕ್ರವಾರ ಅತ್ತೆ ಎಣ್ಣೆಸ್ನಾನ ಮಾಡಿ, ಹುಣಸೆಹಣ್ಣಿನ ಒಂದು ಉಂಡೆ, ಒಲೆಬೂದಿ ಒಂದು ಚಿಟಿಕೆ ಇಟ್ಟುಕೊಂಡು ಆ ಕಾಸನ್ನು ಉಜ್ಜುತ್ತಿದ್ದರು. ಹೊಸ ಹುಣಸೆಹಣ್ಣು ಬಂದರೆ ಮೊದಲ ಉಂಡೆ ಅದಕ್ಕೇ. ಚಿನ್ನ ಉಜ್ಜಬಾರದು, ಸವೆಯುತ್ತದೆ ಅಂತ ಊರಿಗೆಲ್ಲ ಹೇಳುತ್ತಿದ್ದ ನನಗೆ ಮನೆಯಲ್ಲೇ ಈ ಅವಮಾನ. ಎಷ್ಟು ಸಲ ಹೇಳಿದರೂ "ನೀನು ನಿನ್ನ ಕೆಲ್ಸ ನೋಡ್ಕೊ," ಅನ್ನುತ್ತಿದ್ದರು. ಲಕ್ಷ್ಮಿ ಹೊಳೆಯಬೇಕು ಅನ್ನುವ ಭಕ್ತಿ ಇರಬೇಕು ಅಂದುಕೊಂಡು ಸುಮ್ಮನಾಗಿದ್ದೆ. ಈಗ ಅದು ಉಪಕಾರಕ್ಕೆ ಬಂತು ಅನ್ನಿಸಿತು. ಮುಖವೇ ಇಲ್ಲದ ಮೇಲೆ ಯಾವ ಅಜ್ಜಿ ತಾನೆ ಏನು ಅಂದಾಳು? ಸಣ್ಣಕ್ಕನ ಕಾಸು ಅತ್ತೆಯ ಸರದಲ್ಲಾದರೂ ಚಪ್ಪರಕ್ಕೆ ಬರುತ್ತದೆ.

ಅತ್ತೆ ನಡುಮನೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ವಿಷಯ ಹೇಳಿದೆ. "ನಿಮ್ಮ ಸವೆದ ಕಾಸು ಜಯಂಗೆ ಕೊಡಿ. ಸಣ್ಣಕ್ಕಂದು ನೀವು ಇಟ್ಕೊಳ್ಳಿ. ತೂಕದಲ್ಲಿ ನಿಮಗೇ ಲಾಭ," ಅಂದೆ.

ಅತ್ತೆ ಬತ್ತಿ ಕೆಳಗಿಟ್ಟರು. ನನ್ನ ಮುಖವನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿಕೊಂಡು ನಗಲು ಶುರು ಮಾಡಿದರು. ಕೆಮ್ಮು ಬಂತು, ನೀರು ಕೊಟ್ಟೆ.

"ಇದ್ಯಾವ ರಾಣಿ ಅಂದ್ಕೊಂಡಿದ್ದೀಯಾ?"

"ತುರುಬಿಂದು ಅಲ್ವಾ?"

"ಮುಸುಕಿನೋಳೇ ಕಣಮ್ಮಿ. ಬೆಟ್ಟು ಇಕ್ಕಿ ನೋಡು."

ಹೆಬ್ಬೆರಳು ಇಟ್ಟು ಸವರಿದೆ. ತುರುಬಿನ ರಾಣಿಯಾದರೆ ಕುತ್ತಿಗೆಗೇ ಮುಗಿಯುತ್ತಾಳೆ. ಇಲ್ಲಿ ಕುತ್ತಿಗೆಯ ಕೆಳಗೆ ಹೆಗಲಿನ ದಪ್ಪ ಇನ್ನೂ ಇತ್ತು. ಇಷ್ಟು ವರ್ಷ ಅದೇ ಮನೆಯಲ್ಲಿ ಇದ್ದು ನಾನು ಒಂದು ಸಲವೂ ಅದನ್ನು ಕೈಗೆ ತೆಗೆದುಕೊಂಡು ನೋಡಿರಲಿಲ್ಲ. ಅತ್ತೆ ಕುತ್ತಿಗೆಯ ಸರ ಸೊಸೆ ಯಾಕೆ ಮುಟ್ಟುತ್ತಾಳೆ?

"ನಮ್ಮವ್ವ ಕೊಟ್ಟಿದ್ದು," ಅಂದರು ಅತ್ತೆ. ನಗು ನಿಂತಿತ್ತು. "ಅವಳ್ಗೂ ಗಂಡ ಇರ್ಲಿಲ್ಲ. ನಾನು ಈ ಮನೆಗೆ ಬಂದಾಗ ನಮ್ಮತ್ತೆ ನೋಡ್ಬುಟ್ಟು, ಮುಂಡೆ ಕಾಸು ತಗ್ದಾಕು ಅಂದ್ರು. ನಮ್ಮವ್ವ ಕೊಟ್ಟಿದ್ದು ಎಂಗೆ ತಗೀಲಿ? ತೊಳ್ದು ಸುದ್ಧ ಮಾಡ್ತೀನಿ ಅತ್ತೆ ಅಂದೆ. ಸುಕ್ರವಾರ ಸುಕ್ರವಾರ ಉಜ್ಜುದೆ. ನಮ್ಮತ್ತೆ ಕಣ್ಣು ಮಂಜಾಗೋದಕ್ಕೂ ರಾಣಿ ಮುಸುಕು ಸವೆಯೋದಕ್ಕೂ ಸರೋಯ್ತು."

"ಮತ್ತೆ ನಂಗೆ ಮುಸುಕಿಂದು ಮದ್ವೆಗೆ ಆಗಲ್ಲ ಅಂತ ಹೇಳಿಕೊಟ್ಟಿರಲ್ಲ!"

"ನಮ್ಮತ್ತೆ ಹೇಳಿದ್ದನ್ನ ನಿಂಗೆ ಹೇಳ್ದೆ. ಅಂಗೇ ನಡ್ಕೊಂಡೆ ಅಂತ ಹೇಳಿದ್ನಾ?"

ಸಣ್ಣಕ್ಕನ ಕಾಸನ್ನು ಸೆರಗಿಗೆ ಕಟ್ಟಿಕೊಂಡೆ. ಅತ್ತೆ ಕೇಳಿದರು, "ಗಂಡಿನ ಅಜ್ಜಿ ಯಾರು?"

"ಕಿರುಗಾವಲಿನೋರು. ಕೆಂಪಜ್ಜಿ ಅಂತೆ. ಮದ್ದೂರಲ್ಲಿ ಮಗಳ ಮನೇಲಿ ಇಳ್ಕೊಂಡವ್ರಂತೆ."

"ಕಿರುಗಾವಲಿಗೆ ಕೊಟ್ಟಿದ್ದ ನಮ್ ಪೂರಿಗಾಲಿ ಕೆಂಪಿಯಾ? ನನ್ ಜೊತೇಲಿ ಸಗಣಿ ಆಯ್ದೋಳು! ತತ್ತಾ ನನ್ನ ಕೆಂಪು ಸೀಲೆಯ."

ಅವತ್ತೇ ಅಣ್ಣನ ಜೊತೆ ಹೊರಟೆವು. ಅತ್ತೆ ಅದುವರೆಗೆ ಬಸ್ಸು ಹತ್ತಿರಲಿಲ್ಲ. ಆಗ ಪೆಟ್ರೋಲು ಸಿಗದೆ ಬಸ್ಸಿನ ಹಿಂದೆ ಇದ್ದಿಲು ಒಲೆ ಕಟ್ಟಿ ಓಡಿಸುತ್ತಿದ್ದರು. "ಅಡಿಗೆ ಮಾಡ್ಕೊಂಡು ಓಯ್ತಾರಾ?" ಅಂದರು ಅತ್ತೆ. ಏರು ಬಂದ ಕಡೆ ಗಂಡಸರೆಲ್ಲ ಇಳಿದು ತಳ್ಳಿದರು. ನಮ್ಮಣ್ಣ ತಳ್ಳುತ್ತಿದ್ದರೆ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಗಟ್ಟಿಯಾಗಿ ತಳ್ಳಪ್ಪ, ಮಗಳ ಮದ್ವೆ," ಅಂತ ಕೂಗಿದರು. ಇಬ್ಬರಿಗೂ ಕೂರಲು ಜಾಗ ಸಿಕ್ಕಿತ್ತು. ಅದನ್ನೂ ದೇವರ ಲೆಕ್ಕಕ್ಕೇ ಹಾಕಿದೆ. ಅಣ್ಣನ ಊರಲ್ಲಿ ಇಳಿದು ವೈದ್ಯನಾಥೇಶ್ವರನಿಗೆ ಹೊರಗಿನಿಂದಲೇ ಕೈ ಮುಗಿದು, ಕೆಲಸ ಆದರೆ ಒಳಗೆ ಬಂದು ಮುಗಿಯುತ್ತೇನೆ ಅಂದೆ.

ಮರುದಿನ ಕೆಂಪಜ್ಜಿ ಬಂದಳು. ಜಗಲಿ ಮೇಲೆ ಕೂತು, ಹಲ್ಲಿಲ್ಲದ್ದಕ್ಕೆ ಎಲೆ ಅಡಿಕೆಯನ್ನು ಪುಟ್ಟ ಕುಟ್ಟಾಣಿಯಲ್ಲಿ ಹಾಕಿ ಕುಟ್ಟತೊಡಗಿದಳು. ಜಯ ಬಾಗಿಲಿಗೆ ಒರಗಿ ನಿಂತಿದ್ದಳು. ಅಡಿಗೆಮನೆಯಲ್ಲಿ ಸಣ್ಣಕ್ಕ ಒಲೆ ಊದುತ್ತಿದ್ದಳು. ಉರಿಯುತ್ತಿದ್ದ ಒಲೆಯನ್ನೇ ಮತ್ತೆ ಮತ್ತೆ ಊದುತ್ತಿದ್ದಳು ಅಂತ ನನಗೆ ಸದ್ದಿನಲ್ಲೇ ತಿಳಿಯುತ್ತಿತ್ತು.

ನಮ್ಮತ್ತೆ ಒಳಗಿನಿಂದ ಬಂದರು.

"ಏನೇ ಕೆಂಪಿ."

ಕೆಂಪಜ್ಜಿ ಕಣ್ಣಿನ ಮೇಲೆ ಕೈ ಅಡ್ಡ ಇಟ್ಟು ನೋಡಿದಳು. "ದೇವೀನಾ? ಇನ್ನೂ ಇದ್ದೀಯೇನೇ!"

"ನಿನ್ನ ಕಳಿಸ್ಬುಟ್ಟು ಓಗವಾ ಅಂತ ಇವ್ನಿ."

ಇಬ್ಬರೂ ನಕ್ಕರು. ಅತ್ತೆ ಪಕ್ಕದಲ್ಲೇ ಕೂತು, ತಮ್ಮ ಸರವನ್ನು ತಲೆ ಮೇಲಿಂದ ತೆಗೆದು, ನಡುವಿನ ಕಾಸನ್ನು ಕೆಂಪಜ್ಜಿಯ ಕೈಗಿಟ್ಟರು. "ಇದ್ಯಾರು ಹೇಳು."

ಕೆಂಪಜ್ಜಿ ಹೆಬ್ಬೆರಳಿನಿಂದ ಉಜ್ಜಿ, ಮೂಗಿನ ಹತ್ತಿರ ತಂದು, "ಇದ್ಯಾರೂ ಅಲ್ಲ. ಸವ್ದೋಗದೆ," ಅಂದಳು.

ಅತ್ತೆ ನನ್ನ ಕಡೆ ನೋಡಿದರು. ಗೌರಿ ಪೂಜೆಗೆ ಮಾಡುವ ಹಾಗೆ ಅರಿಶಿನ ಕಲಸಿ ಉಂಡೆ ಕಟ್ಟಿ ತಂದಿದ್ದೆ. ಸವೆದ ಕಾಸಿನ ಮುಖ ನೋಡಬೇಕಾದರೆ ಮೆತ್ತನೆಯದಕ್ಕೆ ಒತ್ತಿ ಬಿಸಿಲಿಗೆ ಓರೆಯಾಗಿ ಹಿಡಿಯಬೇಕು. ಕಣ್ಣಿಗೆ ಕಾಣದ್ದು ನೆರಳಿಗೆ ಕಾಣುತ್ತದೆ. ಒತ್ತಿದೆ, ಎತ್ತಿದೆ, ಜಗಲಿಯ ತುದಿಯ ಬಿಸಿಲಿಗೆ ಹಿಡಿದೆ. ಅರಿಶಿನದ ಮೇಲೆ ಒಂದು ತಲೆ, ತಲೆಯ ಹಿಂದಿನಿಂದ ಹೆಗಲಿಗೆ ಇಳಿದ ಒಂದು ಗೆರೆ. ಕೂದಲೆಳೆಯಷ್ಟು. ಆದರೂ ಗೆರೆ.

ಕೆಂಪಜ್ಜಿ ಕುಟ್ಟುವುದನ್ನು ನಿಲ್ಲಿಸಿದಳು.

"ನಿಮ್ಮವ್ವಂದಾ?"

"ನಮ್ಮವ್ವಂದೇ."

"ಇದ ಆಕ್ಕೊಂಡೇ ಇಷ್ಟು ದಿನ ಬಾಳ್ವೆ ಮಾಡ್ದ್ಯಾ?"

"ಊಂ ಕಣೆ."

"ನಿನ್ ಗಂಡ?"

"ನೆನ್ನೆ ಬೆಳಿಗ್ಗೆ ಮುದ್ದೆ ನುಂಗ್ಬುಟ್ಟು ಗದ್ದೆಗೆ ಓದ. ಅಗಿಯೋದು ಇನ್ನೂ ಕಲ್ತಿಲ್ಲ."

ಕೆಂಪಜ್ಜಿ ನಗಲಿಲ್ಲ. ಅರಿಶಿನದ ಉಂಡೆಯನ್ನು ಈಸಿಕೊಂಡು ತಾನೂ ಬಿಸಿಲಿಗೆ ಹಿಡಿದು ನೋಡಿದಳು. "ನಿಮ್ಮವ್ವ ನಂಗೂ ರೊಟ್ಟಿ ಕೊಡೋಳು," ಅಂದಳು. "ನಮ್ಮವ್ವ ಒಡ್ದಾಗ ಅವಳ ಸೆರಗಿನಲ್ಲೇ ಅವಿತ್ಕೊಳ್ತಿದ್ದೆ." ಆಮೇಲೆ ಸಣ್ಣಕ್ಕನ ಕಾಸು ಈಸಿಕೊಂಡು ಮುಸುಕಿನ ಕಡೆ ಒಂದು ಸಲ ನೋಡಿ, ಕಾಸನ್ನು ತಿರುಗಿಸಿದಳು. ಗೆಲ್ಲದೆ ಬಿಡುವ ಜೀವವಲ್ಲ ಅದು. "ಅದೇನೋ ಸರಿ. ಈ ಬರೀಮೈ ಕುದುರೆಯೋನು?"

"ಅವನು ಆವು ಕೊಲ್ಲೋದ್ರಲ್ಲೇ ಅವ್ನೆ. ನಮ್ ಕಡೆ ತಿರುಗಿಯೂ ನೋಡಲ್ಲ," ಅಂದರು ನಮ್ಮತ್ತೆ.

ಜಯ ಬಾಗಿಲಲ್ಲಿ ಕಿಸಕ್ಕನೆ ನಕ್ಕಳು. ಅಣ್ಣ ಕೆಮ್ಮಿದ. ಕೆಂಪಜ್ಜಿಗೂ ತಡೆಯಲಾಗಲಿಲ್ಲ, ಕುಟ್ಟಿದ ಎಲೆಯಡಿಕೆ ಸೀರೆ ಮೇಲೆ ಚೆಲ್ಲುವಂತೆ ನಕ್ಕಳು.

"ಆಕ್ಸಿ ಬುಡಿ," ಅಂದಳು. "ಯಾರಾದ್ರೂ ಪೋಣಿಸ್ರವ್ವಾ ದಾರಕ್ಕೆ."

ಅತ್ತೆ ಕಾಸನ್ನು ನನ್ನ ಕಡೆ ಚಾಚಿದರು. ನನ್ನ ಕೈ ಅರಿಶಿನವಾಗಿದೆ ಅಂದೆ. ತೊಳೆಯಲು ನೀರು ಪಕ್ಕದಲ್ಲೇ ಇತ್ತು. ಅತ್ತೆ ತಮ್ಮ ಕಣ್ಣಿಗೆ ದಾರ ಕಾಣುವುದಿಲ್ಲ ಅಂದರು. ಕೂದಲೆಳೆಯಷ್ಟು ಸಣ್ಣಗೆ ಬತ್ತಿ ಹೊಸೆಯುವ ಕಣ್ಣು ಅದು. ಆ ಹೊತ್ತಿಗೆ ಕುರುಡಾಯಿತು. ಜಯ ಮಾತ್ರ ಯಾವ ನೆಪವನ್ನೂ ಹೇಳಲಿಲ್ಲ. ಸರ ಮತ್ತು ಕಾಸು ಎರಡನ್ನೂ ಎತ್ತಿಕೊಂಡು ಸೀದಾ ಅಡಿಗೆಮನೆಯ ಹೊಸ್ತಿಲಿಗೆ ಹೋಗಿ, "ಸಣ್ಣತ್ತೆ, ಪೋಣಿಸ್ಕೊಡು," ಅಂದಳು.

ಒಲೆ ಊದುವ ಸದ್ದು ನಿಂತಿತು.

ಕೆಂಪಜ್ಜಿ ಎಲ್ಲ ಕೇಳಿಸಿಕೊಂಡಳು. ನಾವೆಲ್ಲ ಅವಳ ಮುಖವನ್ನೇ ನೋಡುತ್ತಿದ್ದೆವು. ಅವಳು ಅಡಿಗೆಮನೆಗೆ ಬೆನ್ನು ಮಾಡಿ ಬೀದಿಯ ಕಡೆ ತಿರುಗಿ ಕೂತು, ಕುಟ್ಟಾಣಿಯಲ್ಲಿ ಏನೂ ಇಲ್ಲದಿದ್ದರೂ ಜೋರಾಗಿ ಕುಟ್ಟತೊಡಗಿದಳು. ಸಣ್ಣಕ್ಕ ಪೋಣಿಸಿ ಗಂಟು ಹಾಕಿ ಮುಗಿಸುವವರೆಗೂ ತಿರುಗಲಿಲ್ಲ. ಕಾಸನ್ನು ಸಣ್ಣಕ್ಕ ನಟ್ಟನಡುವೆ ಹಾಕಿದ್ದಳು.

ಮದುವೆಯ ದಿನ ಸಣ್ಣಕ್ಕ ಒಲೆ ಬಿಟ್ಟು ಹೊರಗೆ ಬರಲಿಲ್ಲ. ಆ ಕಾಲ ಹಾಗೇ ಇತ್ತು, ಅದನ್ನು ಬೇರೆ ಮಾಡಿ ಬರೆಯಲಾರೆ. ಆದರೆ ಜಯ ಬಗ್ಗಿದಾಗೆಲ್ಲ ಸರ ಮುಂದಕ್ಕೆ ಜೋಲಾಡಿ, ನಡುವಿನ ಕಾಸಿಗೆ ಬೆಳಕು ಬೀಳುತ್ತಿತ್ತು. ಅಡಿಗೆಮನೆಯ ಬಾಗಿಲು ಅದು ಕಾಣುವಷ್ಟು ಅಗಲ ತೆರೆದಿತ್ತು.

ನಾನು ದೇವಸ್ಥಾನಕ್ಕೆ ಹೋಗಿ ಒಳಗೆ ಕೈ ಮುಗಿದೆ. ಹೊಸದಾಗಿ ಕಾಸು ಆರಿಸುವವರಿಗೆ ನಾನು ಅಂದಿನಿಂದ ಹೇಳುತ್ತಾ ಬಂದದ್ದು ಇಷ್ಟೇ: ಅಂಚು ನೋಡಿ, ತೂಕ ನೋಡಿ, ಸದ್ದು ಕೇಳಿ. ಮುಖದ ವಿಚಾರಕ್ಕೆ ಹೋಗುವುದಾದರೆ, ಕೊಟ್ಟವರ ಮುಖ ಒಂದು ಸಲ ನೆನೆದುಕೊಳ್ಳಿ.

ಅವತ್ತು ಕೆಂಪಜ್ಜಿ ಒಪ್ಪಿದ ಮೇಲೆ ನಾವು ಮಳವಳ್ಳಿಗೆ ವಾಪಸು ಬಂದಾಗ ಹಿತ್ತಲ ಜಗಲಿಯ ಮೇಲೆ ಹುಣಸೆಹಣ್ಣು ನಾನು ಬಿಟ್ಟ ಹಾಗೇ ಇತ್ತು. ಮಳೆ ಬಂದಿರಲಿಲ್ಲ, ಇರುವೆ ಮುತ್ತಿರಲಿಲ್ಲ. ಮಾವ ಪಕ್ಕದಲ್ಲೇ ಮಂಚ ಹಾಕಿಕೊಂಡು ಕೋಳಿ ಕೆದಕದ ಹಾಗೆ ಕಾಯ್ದಿದ್ದರು. ಉಳಿದ ಬೀಜ ಬಿಡಿಸಿ ಮುಗಿಸಿದೆ. ಶುಕ್ರವಾರ ಬಂತು. ಅತ್ತೆ ಎಣ್ಣೆಸ್ನಾನ ಮಾಡಿ, ಸರ ಹಾಕಿಕೊಂಡು, ದೀಪ ಹಚ್ಚಿ ಎದ್ದು ಬಂದರು. ನಾನು ಅವರಿಗೆ ಕಾಸು ಉಜ್ಜಲು ಅಂತ ಒಂದು ಉಂಡೆ ಎತ್ತಿಟ್ಟಿದ್ದೆ. ಅದರ ಮುಂದೆಯೇ ಹಾದು ಹೋದರು, ಕೇಳಲಿಲ್ಲ. ಸ್ವಲ್ಪ ಹೊತ್ತು ಕಾದೆ. ಆಮೇಲೆ ಆ ಉಂಡೆಯನ್ನೂ ಉಳಿದದ್ದರ ಜೊತೆಗೆ ಸೇರಿಸಿ, ಕಲ್ಲುಪ್ಪು ಹಾಕಿ, ಗಡಿಗೆಗೆ ಒತ್ತಿ ತುಂಬತೊಡಗಿದೆ.